ಮೆಟ್ಟಿಲ ಮೇಲಿನ ಗೋದಲಿ, ಮರದ ಪಕ್ಕದ ಮೆನೋರಾ: ಸರ್ಕಾರಿ ಕಟ್ಟಡದಲ್ಲಿ ಹಬ್ಬದ ಅಲಂಕಾರ

1986ರ ಡಿಸೆಂಬರಿನಲ್ಲಿ ಅಮೆರಿಕದ ಪಿಟ್ಸ್‌ಬರ್ಗ್ ನಗರದ ಎರಡು ಸರ್ಕಾರಿ ಕಟ್ಟಡಗಳು ಹಬ್ಬಕ್ಕೆ ಸಿಂಗಾರಗೊಂಡಿದ್ದವು. ಆಲೆಘೆನಿ ಕೌಂಟಿಯ ನ್ಯಾಯಾಲಯದೊಳಗೆ, ಬಂದವರೆಲ್ಲರ ಕಣ್ಣಿಗೆ ಬೀಳುವ ಭವ್ಯ ಮೆಟ್ಟಿಲಸಾಲಿನ ಮೇಲೆ, ಒಂದು ಗೋದಲಿ. ಬಾಲಯೇಸು, ಮರಿಯಮ್ಮ, ಜೋಸೆಫ್, ಕುರುಬರು. ನೆತ್ತಿಯ ಮೇಲೆ ದೇವರ ಮಹಿಮೆಯನ್ನು ಲ್ಯಾಟಿನ್ನಿನಲ್ಲಿ ಸಾರುವ ಪಟ್ಟಿ ಹಿಡಿದ ದೇವದೂತ. ಅದು ಒಂದು ಕ್ಯಾಥೊಲಿಕ್ ಸಂಘದ ಸ್ವತ್ತು. ಅಲ್ಲಿಂದ ಒಂದು ಬೀದಿ ಆಚೆ, ನಗರಾಡಳಿತದ ಕಟ್ಟಡದ ಹೊರಗೆ, 45 ಅಡಿಯ ಕ್ರಿಸ್‌ಮಸ್ ಮರ. ಅದರ ಪಕ್ಕದಲ್ಲಿ ಯೆಹೂದಿಗಳ ಹನುಕ್ಕಾ ಹಬ್ಬದ 18 ಅಡಿ ಎತ್ತರದ ದೀಪಸ್ತಂಭ, ಮೆನೋರಾ. ಮರದ ಬುಡದಲ್ಲಿ ಸ್ವಾತಂತ್ರ್ಯಕ್ಕೆ ನಮನ ಸಲ್ಲಿಸುವ, ಮೇಯರ್ ಹೆಸರಿನ ಫಲಕ.

1989ರ ಜುಲೈ 3ರಂದು ಅಮೆರಿಕದ ಸುಪ್ರೀಂ ಕೋರ್ಟ್ ಈ ಎರಡು ಅಲಂಕಾರಗಳ ಬಗ್ಗೆ ಎರಡು ತೀರ್ಪು ಕೊಟ್ಟಿತು. ಗೋದಲಿ ಸಂವಿಧಾನಬಾಹಿರ, 5ಕ್ಕೆ 4. ಮೆನೋರಾ ಇರಬಹುದು, 6ಕ್ಕೆ 3. ಸರ್ಕಾರ ಯಾವುದೇ ಮತವನ್ನು ಸ್ಥಾಪಿಸಬಾರದೆನ್ನುವ ಅದೇ ಮೊದಲನೆಯ ತಿದ್ದುಪಡಿ, ಅದೇ ಊರು, ಅದೇ ಚಳಿಗಾಲ. ಈ ವ್ಯತ್ಯಾಸ ಹುಟ್ಟಿದ್ದು ಹೇಗೆ ಎಂಬುದನ್ನು ಹುಡುಕಿದರೆ, ವಿವಿಧ ಮತಗಳ ಸಮಾಜವೊಂದು ಹಬ್ಬದ ಚಿಹ್ನೆಯನ್ನು ಅಳೆಯುವಾಗ ಎಲ್ಲಿ ಎಡವುತ್ತದೆ ಎಂಬುದು ಕಾಣುತ್ತದೆ. ಕೋರ್ಟು ಅಳೆದದ್ದು ಚಿಹ್ನೆಯ ಸುತ್ತ ಇಟ್ಟ ವಸ್ತುಗಳನ್ನು. ಅಳೆಯಬೇಕಿದ್ದದ್ದು ಅದನ್ನು ಇಟ್ಟವರ ಕೈಯನ್ನು ಎಂಬುದು ಈ ಲೇಖನದ ವಾದ.

ವಸ್ತುಗಳನ್ನು ಅಳೆಯುವ ಕ್ರಮಕ್ಕೆ ಮೂಲ 1984ರ ಲಿಂಚ್ ವಿರುದ್ಧ ಡೊನೆಲಿ ಪ್ರಕರಣ. ರೋಡ್ ಐಲೆಂಡ್ ರಾಜ್ಯದ ಪಾಟಕೆಟ್ ನಗರಾಡಳಿತ 1973ರಲ್ಲಿ 1,365 ಡಾಲರಿಗೆ ಗೋದಲಿಯೊಂದನ್ನು ಕೊಂಡು, ಅಂಗಡಿಬೀದಿಯ ನಡುವಿನ ಉದ್ಯಾನದಲ್ಲಿ ಪ್ರತಿವರ್ಷ ಇಡುತ್ತಿತ್ತು. ಜೊತೆಗೆ ಸಾಂಟಾ ಕ್ಲಾಸನ ಮನೆ, ಅವನ ಬಂಡಿ ಎಳೆಯುವ ಹಿಮಸಾರಂಗಗಳು, ವಿದೂಷಕ, ಆನೆ, ಕರಡಿಗಳ ಚಿತ್ರಫಲಕಗಳು, ನೂರಾರು ಬಣ್ಣದ ದೀಪಗಳು. ಇವೆಲ್ಲದರ ನಡುವೆ ನೋಡಿದಾಗ ಗೋದಲಿ ಒಂದು ರಾಷ್ಟ್ರೀಯ ರಜೆಯ ಚಾರಿತ್ರಿಕ ಮೂಲವನ್ನು ತೋರುತ್ತದೆ, ಮತಪ್ರಚಾರ ಮಾಡುವುದಿಲ್ಲ ಎಂದು ಮುಖ್ಯ ನ್ಯಾಯಮೂರ್ತಿ ವಾರೆನ್ ಬರ್ಗರ್ ಬಹುಮತದ ಪರವಾಗಿ ಬರೆದರು. ಆ ಬಹುಮತವೂ 5ಕ್ಕೆ 4 ಮಾತ್ರ. ಕ್ರಿಸ್‌ಮಸ್ ಅಲ್ಲಿ ಯಾವಾಗಲೂ ಎಲ್ಲರ ಹಬ್ಬವಾಗಿರಲಿಲ್ಲ ಎಂಬುದನ್ನು ಇಲ್ಲಿ ನೆನೆಯಬೇಕು. ಪ್ಯೂರಿಟನ್ನರ ಮ್ಯಾಸಚೂಸೆಟ್ಸ್ 1659ರಿಂದ 1681ರವರೆಗೆ ಅದನ್ನು ಆಚರಿಸಿದವರಿಗೆ ಐದು ಶಿಲಿಂಗ್ ದಂಡ ವಿಧಿಸುತ್ತಿತ್ತು.

ಲಿಂಚ್ ತೀರ್ಪಿನಲ್ಲಿ ಎರಡು ಸ್ವರಗಳು ಮುಖ್ಯ. ಒಂದು ನ್ಯಾಯಮೂರ್ತಿ ಸಾಂಡ್ರಾ ಡೇ ಒ'ಕಾನರ್ ಅವರದು. ಸರ್ಕಾರ ಒಂದು ಮತಕ್ಕೆ ಒಪ್ಪಿಗೆಯ ಮುದ್ರೆ ಒತ್ತಿದರೆ ಉಳಿದವರಿಗೆ ತಾವು ಈ ರಾಜಕೀಯ ಸಮುದಾಯಕ್ಕೆ ಹೊರಗಿನವರೆಂಬ ಸಂದೇಶ ಹೋಗುತ್ತದೆ ಎಂದು ಅವರು ಬಹುಮತದ ಜೊತೆ ನಿಂತೇ ಪ್ರತ್ಯೇಕವಾಗಿ ಬರೆದರು. ಇದೇ ಮುಂದೆ 'ಅನುಮೋದನೆಯ ಒರೆಗಲ್ಲು' ಆಯಿತು. ಇನ್ನೊಂದು ಹ್ಯಾರಿ ಬ್ಲ್ಯಾಕ್‌ಮನ್ ಅವರ ಭಿನ್ನಮತ. ಭಕ್ತರಿಗೆ ಪವಿತ್ರವಾದ ಗೋದಲಿಯನ್ನು ವ್ಯಾಪಾರದ ಋತುವಿನ ತೋರಣದಂತೆ ಕಾಣುವುದು ಆ ಚಿಹ್ನೆಗೇ ಬಗೆದ ಅನ್ಯಾಯ, ಇಲ್ಲಿ ಗೆದ್ದ ನಗರ ನಿಜದಲ್ಲಿ ಸೋತಿದೆ ಎಂಬುದು ಅವರ ನೋವು.

ಐದು ವರ್ಷಗಳ ಮೇಲೆ ಪಿಟ್ಸ್‌ಬರ್ಗ್ ಪ್ರಕರಣದ ಮುಖ್ಯ ತೀರ್ಪು ಬರೆದವರು ಇದೇ ಬ್ಲ್ಯಾಕ್‌ಮನ್. ಮೆಟ್ಟಿಲ ಮೇಲಿನ ಗೋದಲಿ ಒಂಟಿಯಾಗಿತ್ತು, ಅದರ ಧಾರ್ಮಿಕ ಸಂದೇಶವನ್ನು ತಗ್ಗಿಸುವ ಏನೂ ಹತ್ತಿರವಿರಲಿಲ್ಲ, ಆದ್ದರಿಂದ ಅದು ತಪ್ಪು ಎಂದರು. ಮೆನೋರಾದ ಪಕ್ಕದಲ್ಲಿ ಅದಕ್ಕಿಂತ ಎತ್ತರದ ಮರವೂ ಫಲಕವೂ ಇದ್ದವು, ಆದ್ದರಿಂದ ಅದು ಒಂದು ಋತುವಿನ ನಾನಾ ಪರಂಪರೆಗಳ ಗುರುತು ಎಂದರು. 1984ರಲ್ಲಿ ಯಾವುದನ್ನು ಚಿಹ್ನೆಯ ಅವಮಾನವೆಂದು ಕಂಡಿದ್ದರೋ ಅದನ್ನೇ 1989ರಲ್ಲಿ ಅದರ ರಕ್ಷಣೆಯ ದಾರಿಯಾಗಿ ಬಳಸಬೇಕಾಯಿತು. ಇದನ್ನು ಅವರ ಚಂಚಲತೆಯೆಂದು ನಾನು ಓದುವುದಿಲ್ಲ. ಸುತ್ತಲ ವಸ್ತುಗಳನ್ನು ಎಣಿಸುವ ದಾರಿ ಹಿಡಿದ ಯಾರೇ ಆದರೂ ತಲುಪುವ ಜಾಗ ಅದು. ದೇವರಿರುವ ಕಡೆ ದೇವರಲ್ಲದ್ದನ್ನು ಸಾಕಷ್ಟು ಗುಡ್ಡೆ ಹಾಕಿದರೆ ಕಾನೂನು ಒಪ್ಪುತ್ತದೆ ಎಂದಾದ ಮೇಲೆ ಭಕ್ತನಿಗೂ ಸಮಾಧಾನವಿಲ್ಲ, ಅನ್ಯಮತದವನಿಗೂ ಇಲ್ಲ. ಗೋದಲಿಯನ್ನೂ ಮೆನೋರಾವನ್ನೂ ಉಳಿಸಬೇಕೆಂದ ನ್ಯಾಯಮೂರ್ತಿ ಆಂಥೊನಿ ಕೆನಡಿ, ಕೋರ್ಟು ಹೀಗೆ ಧರ್ಮಶಾಸ್ತ್ರದ ಮಂಡಳಿಯಾಗುತ್ತಿದೆ ಎಂದು ಆಕ್ಷೇಪಿಸಿದರು. ಎರಡನ್ನೂ ತೆಗೆಯಬೇಕೆಂದ ವಿಲಿಯಂ ಬ್ರೆನನ್, ಮೆನೋರಾ ಧಾರ್ಮಿಕವಲ್ಲವೆಂದು ಹೇಳುವ ಅಧಿಕಾರ ತಮಗೆಲ್ಲಿದೆ ಎಂಬ ದಿಕ್ಕಿನಲ್ಲಿ ವಾದಿಸಿದರು. ಯೆಹೂದಿ ಸಂಘಟನೆಗಳೂ ಒಂದೇ ಕಡೆ ಇರಲಿಲ್ಲ. 1974ರಿಂದ ಬೀದಿಯಲ್ಲಿ ಮೆನೋರಾ ಬೆಳಗಿಸುತ್ತ ಬಂದಿದ್ದ ಹಬಾದ್ ಪಂಥ ಅದರ ಪರವಾಗಿದ್ದರೆ, ಅಮೆರಿಕನ್ ಜ್ಯೂಯಿಷ್ ಕಾಂಗ್ರೆಸ್ ವಿರುದ್ಧವಾಗಿತ್ತು.

ಬೇರೊಂದು ಅಳತೆ ಆ ಕೋರ್ಟಿನಲ್ಲೇ ಇತ್ತು. 1995ರ ಪಿನೆಟ್ ಪ್ರಕರಣದಲ್ಲಿ ಒಹಾಯೊ ರಾಜ್ಯದ ಶಾಸನಭವನದ ಸುತ್ತಲಿನ ಚೌಕ ಎಲ್ಲರಿಗೂ ತೆರೆದ ಜಾಗವೆಂದೂ, ಅಲ್ಲಿ ಖಾಸಗಿಯವರು ತಮ್ಮ ಖರ್ಚಿನಲ್ಲಿ ಇಡುವ ಶಿಲುಬೆ ಸರ್ಕಾರದ ಮಾತಲ್ಲವೆಂದೂ ಕೋರ್ಟು ಹೇಳಿತು. ಇಡಲು ಕೇಳಿದವರು ಕು ಕ್ಲಕ್ಸ್ ಕ್ಲಾನಿನವರು ಎಂಬ ಕಹಿಯನ್ನು ನುಂಗಿಕೊಂಡೇ ಹೇಳಿತು. ನಮ್ಮ ಮಾತಿನಲ್ಲಿ ಹೇಳುವುದಾದರೆ ಇದು ಊರ ಬಯಲಿಗೂ ಮನೆಯ ಪಡಸಾಲೆಗೂ ಇರುವ ಅಂತರ. ಬಯಲಿನಲ್ಲಿ ಯಾರು ಬೇಕಾದರೂ ಪೆಂಡಾಲು ಹಾಕಬಹುದು, ಸರದಿ ಎಲ್ಲರಿಗೂ ಸಿಗಬೇಕು ಅಷ್ಟೆ. ಪಡಸಾಲೆಯಲ್ಲಿ ಇಟ್ಟದ್ದು ಮನೆಯವರ ಮಾತು. ನ್ಯಾಯ ಕೇಳಿ ಬಂದವರು ಹಾಯ್ದುಹೋಗುವ ಮೆಟ್ಟಿಲು ಪಡಸಾಲೆಯೇ. ಮೆನೋರಾ ಹಬಾದ್ ಪಂಥದ್ದಾದರೂ ಅದನ್ನು ಉಗ್ರಾಣದಲ್ಲಿಟ್ಟು, ಹಬ್ಬಕ್ಕೆ ತಂದು ನಿಲ್ಲಿಸುತ್ತಿದ್ದದ್ದು ನಗರಾಡಳಿತ. ಹಾಗಾಗಿ ಈ ಅಳತೆಯಲ್ಲಿ ಬ್ರೆನನ್ ನಿಲುವೇ ನನಗೆ ಸರಿಯೆನಿಸುತ್ತದೆ. ಇದೇ ಕೋರ್ಟಿನ 2022ರ ಕೆನಡಿ (ಈತ ನ್ಯಾಯಮೂರ್ತಿ ಕೆನಡಿಯಲ್ಲ) ವಿರುದ್ಧ ಬ್ರೆಮರ್ಟನ್ ತೀರ್ಪು ಅನುಮೋದನೆಯ ಒರೆಗಲ್ಲನ್ನು ಕೈಬಿಟ್ಟು, ಇತಿಹಾಸ ಮತ್ತು ರೂಢಿಯನ್ನು ನೋಡಿರಿ ಎಂದಿದೆ. ಹೊರಗಿನವನಿಗೆ ಏನನಿಸುತ್ತದೆ ಎಂಬ ಒ'ಕಾನರ್ ಅವರ ಪ್ರಶ್ನೆ ಇದರಿಂದ ಬದಿಗೆ ಸರಿಯಿತು. ನನ್ನ ದೃಷ್ಟಿಯಲ್ಲಿ ಅದು ದೊಡ್ಡ ನಷ್ಟ.

ಆ ಪ್ರಶ್ನೆ ಕನ್ನಡನಾಡಿನಲ್ಲಿ ತಲೆಕೆಳಗಾಗಿ ಬಂದದ್ದು 2025ರಲ್ಲಿ. ಮೈಸೂರು ದಸರಾ ಉದ್ಘಾಟನೆಗೆ ಮುಸ್ಲಿಂ ಸಮುದಾಯದ ಲೇಖಕಿ ಬಾನು ಮುಷ್ತಾಕ್ ಅವರನ್ನು ಕರೆದದ್ದನ್ನು ಪ್ರಶ್ನಿಸಿದ ಅರ್ಜಿಗಳನ್ನು ಹೈಕೋರ್ಟ್ ಸೆಪ್ಟೆಂಬರ್ 15ರಂದು ವಜಾ ಮಾಡಿತು; 19ರಂದು ಸುಪ್ರೀಂ ಕೋರ್ಟ್ ಕೂಡ ತಳ್ಳಿಹಾಕಿತು. ಇದು ಸರ್ಕಾರದ ಕಾರ್ಯಕ್ರಮ, ಸರ್ಕಾರ ಜನರಲ್ಲಿ ಭೇದವೆಣಿಸಲಾಗದು ಎಂಬುದು ಅಲ್ಲಿ ಕೇಳಿಬಂದ ತರ್ಕ. ಹಿಂದೆ 2017ರಲ್ಲೂ ಅದೇ ಸಮುದಾಯದ ಕವಿ ಕೆ.ಎಸ್. ನಿಸಾರ್ ಅಹಮದ್ ಉದ್ಘಾಟಿಸಿದ್ದರು. ಇಲ್ಲಿ ಯಾರೂ ಚಾಮುಂಡೇಶ್ವರಿಯ ಪಕ್ಕದಲ್ಲಿ ವಿದೂಷಕನನ್ನು ನಿಲ್ಲಿಸಿ ದೇವಿಯ ಮಹಿಮೆಯನ್ನು ತಗ್ಗಿಸಲು ಹೋಗಲಿಲ್ಲ. ಅಂಬಾರಿಯಲ್ಲಿ ದೇವಿ ದೇವಿಯಾಗಿಯೇ ಕೂತಿದ್ದಾಳೆ. ಹಿಗ್ಗಿದ್ದು ಕರೆಸಿಕೊಂಡವರ ಬಳಗ. 'ನಾಡಹಬ್ಬ' ಎಂಬ ಪದದ ಶಕ್ತಿ ಅದೇ. ಅರಮನೆಯ ಖಾಸಗಿ ದರ್ಬಾರನ್ನು ರಾಜಮನೆತನವೂ ಜಂಬೂ ಸವಾರಿಯನ್ನು ಸರ್ಕಾರವೂ ನಡೆಸುವುದರಿಂದ ಯಾವುದು ಯಾರ ಕೈಯದು ಎಂಬುದೂ ಕಾಣುತ್ತದೆ.

ಆದರೆ ಸರ್ಕಾರ ಮತ ಸ್ಥಾಪಿಸಬಾರದೆನ್ನುವ ಅಮೆರಿಕದ ಆ ಕಲಮು ನಮ್ಮ ಸಂವಿಧಾನದಲ್ಲಿಲ್ಲ. ಒಂದು ಮತವನ್ನು ಬೆಳೆಸಲೆಂದೇ ಎತ್ತುವ ತೆರಿಗೆಯನ್ನು ಕಟ್ಟುವಂತೆ ಯಾರನ್ನೂ ಬಲವಂತಪಡಿಸಲಾಗದೆನ್ನುವ 27ನೆಯ ವಿಧಿ ಹಣದ ಮಾತನ್ನಷ್ಟೇ ಆಡುತ್ತದೆ. ಹಾಗಾಗಿ ದಸರೆಯ ಹೊತ್ತಿಗೆ ಸರ್ಕಾರಿ ಕಚೇರಿಯಲ್ಲಿ ನಡೆಯುವ ಆಯುಧಪೂಜೆಯ ಬಗ್ಗೆ ಕೇಳಬೇಕಾದದ್ದು ಇನ್ನೂ ಇದೆ: ಹೂವು, ಬೂದುಗುಂಬಳಕಾಯಿಗೆ ಕಾಸು ಕೂಡಿಸುವಾಗ ಬೇಡವೆನ್ನುವ ಗುಮಾಸ್ತನಿಗೆ ಬೇಡವೆನ್ನಲು ಸಾಧ್ಯವೇ, ಪೂಜೆ ಮುಗಿಯುವವರೆಗೂ ಕಿಟಕಿಯ ಆಚೆ ಪಹಣಿಗಾಗಿ ನಿಂತವನು ಯಾರು, ಆ ಹೊತ್ತಿನಲ್ಲಿ ಅವನಿಗೆ ಆ ಕಚೇರಿ ತನ್ನದೆನಿಸುತ್ತದೆಯೇ.