ಉಕ್ಕಿನ ಕೈಗಡಿಯಾರ ಮತ್ತು ಪಾಠಶುದ್ಧಿಯ ಪ್ರಶ್ನೆ

ಹಸ್ತಪ್ರತಿಗಳನ್ನು ಅರಸುವವರಂತೆಯೇ ಹಳೆಯ ಉಕ್ಕಿನ ಕೈಗಡಿಯಾರಗಳನ್ನು ಅರಸುವವರೂ ನಮ್ಮ ನಡುವೆ ಇದ್ದಾರೆ. ಕರ್ನಾಟಕದ ಮಟ್ಟಿಗೆ ಈ ಹುಡುಕಾಟ ಸಹಜವಾಗಿಯೇ ಎಚ್.ಎಂ.ಟಿ.ಯತ್ತ ಹೊರಳುತ್ತದೆ. 1953ರಲ್ಲಿ ಯಂತ್ರೋಪಕರಣಗಳ ತಯಾರಿಕೆಗೆಂದು ಬೆಂಗಳೂರಿನಲ್ಲಿ ಸ್ಥಾಪನೆಯಾದ ಈ ಸಾರ್ವಜನಿಕ ಉದ್ದಿಮೆ, 1961ರಲ್ಲಿ ಜಪಾನಿನ ಸಿಟಿಜನ್ ಸಂಸ್ಥೆಯ ಸಹಯೋಗದಿಂದ ಗಡಿಯಾರದ ಕಾರ್ಖಾನೆಯನ್ನು ತೆರೆಯಿತು. ಮುಂದೆ ತುಮಕೂರಿಗೂ ಅದು ವಿಸ್ತರಿಸಿತು.

'ಜನತಾ' ಮಾದರಿಯನ್ನೇ ನೋಡಬಹುದು. ಕೀಲಿ ಕೊಡುವ, 17 ಹರಳುಗಳ ಈ ಯಂತ್ರ ಗಂಟೆಗೆ 18,000 ಬಾರಿ, ಎಂದರೆ ಸೆಕೆಂಡಿಗೆ ಐದು ಬಾರಿ ಮಿಡಿಯುತ್ತದೆ. ಗುಂಡನೆಯ ಚಿಕ್ಕ ಕವಚ, ತಿಳಿಬಣ್ಣದ ಡಯಲ್, ತೆಳುವಾದ ಮುಳ್ಳುಗಳು: ಇದು 1960ರ ದಶಕದ ಮಿತವ್ಯಯದ ಸೌಂದರ್ಯ. 'ಪೈಲಟ್' ಮಾದರಿಯಲ್ಲಿ ಕಪ್ಪು ಡಯಲ್ ಮೇಲೆ ಬಿಳಿಯ ಅಂಕಿಗಳು. ಅಲ್ಲಿ ಓದುವ ಅನುಕೂಲವೇ ಅಲಂಕಾರ. 1970ರ ದಶಕಕ್ಕೆ ಬಂದರೆ ಜಗತ್ತಿನೆಲ್ಲೆಡೆ ಉಕ್ಕಿನ ಕವಚಗಳು ಚೌಕದತ್ತ, ದಿಂಬಿನ ಆಕಾರದತ್ತ ಹಿಗ್ಗುತ್ತವೆ, ಡಯಲ್‌ಗಳಿಗೆ ಗಾಢ ಬಣ್ಣ ಬರುತ್ತದೆ. ಕ್ವಾರ್ಟ್ಜ್ ಯಂತ್ರಗಳು ಬಂದ ಮೇಲೆ ರುಚಿಯೇ ಬದಲಾಯಿತು. 1984ರಲ್ಲಿ ಆರಂಭವಾದ ಟೈಟನ್ ಆ ಹೊಸ ರುಚಿಯನ್ನು ಹಿಡಿಯಿತು.

ನನ್ನ ಆಸಕ್ತಿ ಇರುವುದು ಬೇರೆಡೆ. ಇಂದು ಮಾರುಕಟ್ಟೆಯಲ್ಲಿ ಸಿಗುವ ಎಷ್ಟೋ ಹಳೆಯ ಗಡಿಯಾರಗಳ ಡಯಲ್ ಮೂಲದ್ದಲ್ಲ. ಮಾಸಿದ ಬಣ್ಣವನ್ನು ಅಳಿಸಿ, ಹೊಸದಾಗಿ ಬಳಿದು, ಎಂದೂ ಇರದಿದ್ದ ಚಿತ್ರ, ಬರಹಗಳನ್ನು ಸೇರಿಸಿ 'ಅಪರೂಪದ ಮಾದರಿ' ಎಂದು ಮಾರುತ್ತಾರೆ. ಗ್ರಂಥಸಂಪಾದಕರು ಇದನ್ನು ಪ್ರಕ್ಷೇಪ ಎನ್ನದೆ ಇನ್ನೇನೆಂದಾರು! ಪರೀಕ್ಷೆಯ ಕ್ರಮವೂ ಅವರದೇ: ಒಂದೇ ಮಾದರಿಯ ಹಲವು ಪ್ರತಿಗಳನ್ನು ಹೋಲಿಸಬೇಕು. ಅಕ್ಷರಗಳ ಅಂಚು, ನಿಮಿಷದ ಗೀಟುಗಳ ಅಂತರ, ಡಯಲ್‌ನ ಅಡಿಯಲ್ಲಿರುವ ಸಣ್ಣ ಬರಹ, ಇವು ಸುಳ್ಳನ್ನು ಬೇಗ ಬಯಲಿಗೆಳೆಯುತ್ತವೆ. ಹಲವು ಗಡಿಯಾರಗಳಲ್ಲಿ ಉಕ್ಕು ಹಿಂಬದಿಯ ಮುಚ್ಚಳಕ್ಕಷ್ಟೇ ಸೀಮಿತ. ಉಳಿದದ್ದು ಕ್ರೋಮಿಯಂ ಲೇಪದ ಬೇರೆ ಲೋಹ. ನಿಜವಾದ ಉಕ್ಕಿನ ಕವಚಕ್ಕೂ ಅಪಾಯ ತಪ್ಪಿದ್ದಲ್ಲ: ಅತಿಯಾಗಿ ಉಜ್ಜಿ ಹೊಳಪು ಕೊಟ್ಟರೆ ಅಂಚುಗಳು ಸವೆದು ವಿನ್ಯಾಸಕಾರನ ಗೆರೆಯೇ ಅಳಿಸಿಹೋಗುತ್ತದೆ. ಹೊಳೆಯುವ ಸುಳ್ಳಿಗಿಂತ ಕಲೆಬಿದ್ದ ಮೂಲವೇ ನನಗೆ ಮೇಲು.

ಎಚ್.ಎಂ.ಟಿ.ಯ ಗಡಿಯಾರ ಘಟಕವನ್ನು ಮುಚ್ಚಲು ಕೇಂದ್ರ ಸಂಪುಟ 2016ರಲ್ಲಿ ಒಪ್ಪಿಗೆ ನೀಡಿತು. ಆದ್ದರಿಂದ ಮನೆಯ ಪೆಟ್ಟಿಗೆಯಲ್ಲಿ ಅಜ್ಜನ ಗಡಿಯಾರ ಸಿಕ್ಕವರು ರಿಪೇರಿಗೆ ಕೊಡುವ ಮೊದಲು ಡಯಲ್, ಒಳಯಂತ್ರ, ಹಿಂಬದಿಯ ಮುಚ್ಚಳ ಮೂರರ ಚಿತ್ರವನ್ನೂ ತೆಗೆದಿಟ್ಟುಕೊಳ್ಳಲಿ. ಡಯಲ್‌ಗೆ ಮಾತ್ರ ಬಣ್ಣ ಬಳಿಸದಿರಲಿ.