ದೊಡ್ಡಪ್ಪನವರ ಮುಸುಕಿನ ಜೋಳ ಮತ್ತು ನನ್ನ ಸಾರಜನಕದ ಪಾಠ

ಮಾಗಿಯ ಕೊನೆಯಲ್ಲಿ ಜಯನಗರದ ಬೀದಿಮರಗಳು ಎಲೆ ಉದುರಿಸತೊಡಗಿದಾಗಲೆಲ್ಲ ನನಗೆ ನಮ್ಮ ದೊಡ್ಡಪ್ಪನವರ ಮುಸುಕಿನ ಜೋಳದ ಹೊಲ ನೆನಪಾಗುತ್ತದೆ. ತರಗೆಲೆಗೂ ಜೋಳಕ್ಕೂ ಏನು ಸಂಬಂಧವೆಂದು ನೀವು ಕೇಳಬಹುದು. ಅದನ್ನು ಅರಿಯಲು ವಿಜ್ಞಾನದ ಮೇಷ್ಟರಾದ ನನಗೇ ಬಹಳ ವರ್ಷ ಹಿಡಿಯಿತು.

1970ರ ದಶಕದ ಉತ್ತರಾರ್ಧದ ಮಾತು. ಆಗಷ್ಟೇ ಕೆಲಸಕ್ಕೆ ಸೇರಿದ್ದೆ. ಇಂದು ಜೆ.ಪಿ. ನಗರದೊಳಗೆ ಸೇರಿಹೋಗಿರುವ ಪುಟ್ಟೇನಹಳ್ಳಿಯ ಕಡೆ ದೊಡ್ಡಪ್ಪನವರಿಗೆ ಎರಡು ಎಕರೆ ಕೆಂಪು ಮಣ್ಣಿನ ಖುಷ್ಕಿ ಜಮೀನಿತ್ತು. ರಾಗಿ, ಅವರೆಯ ಜೊತೆಗೆ ಒಂದು ಭಾಗದಲ್ಲಿ ಮುಸುಕಿನ ಜೋಳ ಹಾಕುತ್ತಿದ್ದರು. (ಇದನ್ನೇ ದಾವಣಗೆರೆಯವರು ಮೆಕ್ಕೆಜೋಳವೆಂದೂ ಧಾರವಾಡದ ಕಡೆಯವರು ಗೋವಿನ ಜೋಳವೆಂದೂ ಕರೆಯುತ್ತಾರೆ.) ಕೊಟ್ಟಿಗೆ ಗೊಬ್ಬರ, ಹೊಂಗೆ ಸೊಪ್ಪು, ಕಣದಲ್ಲಿ ಉಳಿದ ಹೊಟ್ಟು, ಇಷ್ಟೇ ಅವರ ಭೂಮಿಯ ಆಹಾರ. ತರಗತಿಯಲ್ಲಿ ಸಾರಜನಕದ ಚಕ್ರವನ್ನು ಹೊಸದಾಗಿ ಬೋಧಿಸುತ್ತಿದ್ದ ನಾನು, "ದೊಡ್ಡಪ್ಪ, ಯೂರಿಯಾದಲ್ಲಿ ನೂರಕ್ಕೆ 46 ಪಾಲು ಸಾರಜನಕವೇ ಇದೆ. ಗಾಡಿಗಟ್ಟಲೆ ಗೊಬ್ಬರ ಹೊರುವ ಕಷ್ಟವೇಕೆ?" ಎಂದೆ. ಓದಿದ ಹುಡುಗ ಹೇಳುತ್ತಾನೆಂದು ಅವರು ಒಪ್ಪಿದರು.

ಮೊದಲೆರಡು ವರ್ಷ ಪೈರು ಕಡುಹಸಿರಾಗಿ ಆಳೆತ್ತರ ಬೆಳೆಯಿತು. ನನಗೆ ಹೆಮ್ಮೆಯೋ ಹೆಮ್ಮೆ. ಅನಂತರ ಇಳುವರಿ ಕುಗ್ಗುತ್ತ ಬಂದಿತು. ಐದಾರು ವರ್ಷ ಕಳೆಯುವಷ್ಟರಲ್ಲಿ ಗಿಡ ಮೊಣಕಾಲೆತ್ತರಕ್ಕೇ ನಿಂತುಬಿಡುತ್ತಿತ್ತು. "ಮೇಷ್ಟ್ರೇ, ನಿನ್ನ ಉಪ್ಪು ಮಣ್ಣಿನ ಬಾಯಿ ಕೆಡಿಸಿತಲ್ಲಪ್ಪ" ಎಂದು ದೊಡ್ಡಪ್ಪ ನಕ್ಕರು. ಆ ನಗೆಗೆ ನನ್ನಲ್ಲಿ ಉತ್ತರವಿರಲಿಲ್ಲ.

ಆ "ಉಪ್ಪು" ನಮ್ಮ ನಾಡಿಗೆ ಬಂದ ದಾರಿ ಸ್ವಾರಸ್ಯವಾದದ್ದು. 1899ರಲ್ಲಿ ಮೈಸೂರಿನ ರಾಜಪ್ರತಿನಿಧಿ ಮಹಾರಾಣಿ ಕೆಂಪನಂಜಮ್ಮಣ್ಣಿಯವರು ಹೆಬ್ಬಾಳದಲ್ಲಿ 30 ಎಕರೆ ಭೂಮಿಯನ್ನು ಕೃಷಿ ಪ್ರಯೋಗಗಳಿಗಾಗಿ ನೀಡಿದರು. ಅಲ್ಲಿ ಕೆಲಸ ಆರಂಭಿಸಿದ ಲೆಹ್ಮನ್ ಮೂಲತಃ ರಸಾಯನಶಾಸ್ತ್ರಜ್ಞರು. ಆಗ ಜಗತ್ತಿನಲ್ಲಿ ಕೃತಕ ಅಮೋನಿಯವೇ ಇರಲಿಲ್ಲ. 1909ರಲ್ಲಿ ಜರ್ಮನಿಯ ಫ್ರಿಟ್ಸ್ ಹೇಬರ್ ಗಾಳಿಯ ಸಾರಜನಕದಿಂದ ಅಮೋನಿಯವನ್ನು ತಯಾರಿಸಿ ತೋರಿಸಿದರು. 1913ರಲ್ಲಿ ಅದರ ಕಾರ್ಖಾನೆ ನಡೆಯತೊಡಗಿತು. ಸ್ವಾತಂತ್ರ್ಯಕ್ಕೆ ಮುನ್ನವೇ ನಮ್ಮ ಬೆಳಗೊಳದಲ್ಲಿ ರಸಗೊಬ್ಬರದ ಕಾರ್ಖಾನೆ ತಲೆಯೆತ್ತಿತ್ತು. ದೇಶದ ಮೊದಮೊದಲಿನ ಅಮೋನಿಯ ಕಾರ್ಖಾನೆಗಳಲ್ಲಿ ಅದೂ ಒಂದು. 1976ರಲ್ಲಿ ಮಂಗಳೂರಿನ ಕಾರ್ಖಾನೆ ಯೂರಿಯಾ ಉತ್ಪಾದನೆ ಆರಂಭಿಸಿತು. ನಾನು ದೊಡ್ಡಪ್ಪನವರಿಗೆ ಉಪದೇಶ ಮಾಡಿದ್ದು ಅದರ ಬೆನ್ನಿಗೇ.

ನನ್ನ ತಪ್ಪಿಗೆ ವಿವರಣೆ ದೊರೆತದ್ದು ಇದೇ ಊರಿನ ಇನ್ನೊಂದು ತುದಿಯಲ್ಲಿ. ಹೆಬ್ಬಾಳದ ಆ ಪ್ರಯೋಗಕ್ಷೇತ್ರದ ಪರಂಪರೆಯಲ್ಲಿ 1964ರಲ್ಲಿ ಹುಟ್ಟಿದ ಕೃಷಿ ವಿಶ್ವವಿದ್ಯಾನಿಲಯವು ತನ್ನ ಜಿ.ಕೆ.ವಿ.ಕೆ. ಆವರಣದಲ್ಲಿ 1986ರಿಂದ ರಾಗಿ ಮತ್ತು ಮುಸುಕಿನ ಜೋಳವನ್ನು ಒಂದೇ ತಾಕಿನಲ್ಲಿ ಒಂದರ ಹಿಂದೊಂದು ಬೆಳೆಯುತ್ತ ದೀರ್ಘಾವಧಿ ಗೊಬ್ಬರ ಪ್ರಯೋಗ ನಡೆಸಿತು. ಸಾರಜನಕವನ್ನು ಮಾತ್ರ ಕೊಟ್ಟ ತಾಕುಗಳಲ್ಲಿ ಮಣ್ಣು ಹುಳಿಯಾಗುತ್ತ ಇಳುವರಿ ಕುಸಿಯಿತು. ರಂಜಕ, ಪೊಟ್ಯಾಷ್, ಕೊಟ್ಟಿಗೆ ಗೊಬ್ಬರ, ಸುಣ್ಣಗಳೂ ಸೇರಿದ ತಾಕುಗಳು ಫಲವತ್ತಾಗಿ ಉಳಿದವು. ಯೂರಿಯಾ ಮಣ್ಣಿನಲ್ಲಿ ನೈಟ್ರೇಟ್ ಆಗುವಾಗ ಆಮ್ಲ ಹುಟ್ಟುತ್ತದೆ. ಗಿಡ ಉಣ್ಣದೆ ಉಳಿದ ನೈಟ್ರೇಟ್ ಮಳೆನೀರಿನೊಡನೆ ಇಳಿಯುವಾಗ ಸುಣ್ಣದ ಅಂಶವನ್ನೂ ಸೆಳೆದೊಯ್ಯುತ್ತದೆ. ಮೊದಲೇ ಹುಳಿಯತ್ತ ಒಲಿದ ನಮ್ಮ ಕೆಂಪು ಮಣ್ಣು ಇದನ್ನು ತಾಳಲಾರದು.

ಹಾಗೆಂದು ಸಾರಜನಕವನ್ನು ದೂಷಿಸುವುದು ಇನ್ನೊಂದು ಅಜ್ಞಾನ. ಮುಸುಕಿನ ಜೋಳ ಮಹಾ ಹೊಟ್ಟೆಬಾಕ. ಹಸಿದರೆ ಕೆಳಗಿನ ಎಲೆಗಳು ತುದಿಯಿಂದ ನಡುನರದಗುಂಟ ಹಳದಿಯಾಗುತ್ತವೆ. ಮಳೆಯಾಶ್ರಯದಲ್ಲಿ ಹೆಕ್ಟೇರಿಗೆ 100 ಕಿಲೋ ಸಾರಜನಕವೆಂಬ ಶಿಫಾರಸು ಇದೆ. ಅದಷ್ಟನ್ನೂ ಯೂರಿಯಾದಿಂದಲೇ ಕೊಡುವುದಾದರೆ ಎಕರೆಗೆ ಸುಮಾರು 88 ಕಿಲೋ ಬೇಕು. ಆದರೆ ಒಂದೇ ಸಲಕ್ಕಲ್ಲ. ಬಿತ್ತುವಾಗ ಒಂದು ಪಾಲು, ಉಳಿದದ್ದು ಮೊಣಕಾಲೆತ್ತರವಾದಾಗ ಮತ್ತು ಸೂಲಂಗಿ ಬರುವ ಹೊತ್ತಿಗೆ. ಈ ಕ್ರಮವನ್ನೂ ನಾನು ದೊಡ್ಡಪ್ಪನವರಿಗೆ ಹೇಳಿರಲಿಲ್ಲ.

ಇನ್ನು ತರಗೆಲೆ. ಬರಿಯ ಕೆಂಪು ಮಣ್ಣಿನ ಮೇಲೆ ಮಳೆಹನಿ ರಭಸದಿಂದ ಬಿದ್ದರೆ ಹೆಪ್ಪುಗಟ್ಟಿ, ನೀರು ಇಂಗದೆ ಹರಿದುಹೋಗುತ್ತದೆ. ಸಾಲುಗಳ ನಡುವೆ ಎಲೆ, ಹುಲ್ಲು, ಸಿಪ್ಪೆಗಳ ಹೊದಿಕೆಯಿದ್ದರೆ ಹನಿಯ ಪೆಟ್ಟು ತಪ್ಪುತ್ತದೆ, ತೇವ ಉಳಿಯುತ್ತದೆ, ಬೇರಿನ ಸುತ್ತ ತಂಪಿರುತ್ತದೆ. ತೇವವಿದ್ದರೆ ತಾನೆ ಗಿಡ ಸಾರಜನಕವನ್ನು ಹೀರುವುದು! ಒಂದು ಎಚ್ಚರ: ಯೂರಿಯಾವನ್ನು ಹೊದಿಕೆಯ ಮೇಲೆಯೇ ಎರಚಿದರೆ ಸಾಕಷ್ಟು ಪಾಲು ಅಮೋನಿಯವಾಗಿ ಗಾಳಿಪಾಲಾದೀತು; ಹೊದಿಕೆ ಸರಿಸಿ ಮಣ್ಣಿನೊಳಗೆ ಹಾಕಬೇಕು. ಒಣ ಎಲೆಯನ್ನು ಮಣ್ಣಿನಲ್ಲಿ ಬೆರೆಸಿದರೆ, ಅದನ್ನು ಕೊಳೆಯಿಸುವ ಸೂಕ್ಷ್ಮಾಣುಗಳೇ ಸಾರಜನಕವನ್ನು ಕೆಲಕಾಲ ಹಿಡಿದಿಟ್ಟುಕೊಳ್ಳುತ್ತವೆ. ಆದ್ದರಿಂದ ಮೇಲೆ ಹಾಸುವುದೇ ಲೇಸು.

ಆ ಹೊಲ ಈಗಿಲ್ಲ. 1990ರ ದಶಕದಲ್ಲಿ ನಿವೇಶನಗಳಾಯಿತು. ಕಳೆದ ಮುಂಗಾರಿನಲ್ಲಿ ನಮ್ಮ ಹಿತ್ತಲಲ್ಲಿ ನಾಲ್ಕು ಸಾಲು ಮುಸುಕಿನ ಜೋಳ ಹಾಕಿ, ಪೌರಕಾರ್ಮಿಕರು ಮೂಟೆ ಕಟ್ಟಿಟ್ಟಿದ್ದ ತರಗೆಲೆಯನ್ನು ಕೇಳಿ ತಂದು ಹಾಸಿದೆ. ಎರಡು ವಾರ ಮಳೆ ಕೈಕೊಟ್ಟಾಗಲೂ ಹೊದಿಕೆ ಎತ್ತಿ ನೋಡಿದರೆ ಮಣ್ಣು ತಣ್ಣಗಿತ್ತು, ಎರೆಹುಳುಗಳಿದ್ದವು.

ನನ್ನ ಶಿಷ್ಯರಲ್ಲಿ ಕೆಲವರಿಗೆ ನೆನಪಿರಬಹುದು. ಪ್ರತಿ ಜನವರಿಯಲ್ಲಿ ಶಾಲೆಯ ಅಂಗಳದ ತರಗೆಲೆಗಳನ್ನೆಲ್ಲ ನಿಮ್ಮಿಂದ ಗುಡಿಸಿಸಿ, ಶ್ರಮದಾನವೆಂದು ಹೊಗಳಿ, ಮೂಲೆಯಲ್ಲಿ ರಾಶಿ ಹಾಕಿಸಿ ಬೆಂಕಿ ಹಚ್ಚಿಸುತ್ತಿದ್ದೆವು. ಕಡ್ಡಿಪೆಟ್ಟಿಗೆ ಕೊಡುತ್ತಿದ್ದವನು ನಾನೇ.