ಮುಡುಕುತೊರೆಯ ನೀರು, ಕರಾರಿನ ನಿಯಮ

ತಿರುಮಕೂಡಲು ನರಸೀಪುರದಲ್ಲಿ ಕಪಿಲೆಯನ್ನು ಕೂಡಿಕೊಂಡ ಕಾವೇರಿ ಮುಂದೆ ಸೋಮಗಿರಿಯ ಬುಡದಲ್ಲಿ ಮೈ ತಿರುಗಿಸುತ್ತಾಳೆ. ಮುಡುಕು ಎಂದರೆ ಬಾಗು, ತೊರೆ ಎಂದರೆ ಹೊಳೆ. ಮುಡುಕುತೊರೆ ಎಂಬ ಊರ ಹೆಸರಿನಲ್ಲಿಯೇ ಈ ತಿರುವಿದೆ. ಬೆಟ್ಟದ ಮೇಲೆ ಮಲ್ಲಿಕಾರ್ಜುನನ ಗುಡಿ. ಸಮೀಪದಲ್ಲಿ ಗಂಗರ ರಾಜಧಾನಿಯಾಗಿ ಮೆರೆದು ಮರಳು ಹೊದ್ದು ಮಲಗಿರುವ ತಲಕಾಡು. ಇನ್ನೂ ಕೆಳಗೆ ಶಿವನಸಮುದ್ರ. ಒಂದು ನಾಡು ನಿಯಮಗಳನ್ನು ಕಾಣುವ ಬಗೆಗೂ ಹೊಸತನ್ನು ಕಟ್ಟುವ ಅದರ ಶಕ್ತಿಗೂ ಇರುವ ನಂಟನ್ನು ಅರಿಯಲು ಈ ಹೊಳೆಯ ಚರಿತ್ರೆ ಒಳ್ಳೆಯ ಸಾಕ್ಷಿ.

ನಿಯಮಕ್ಕೆ ತಲೆಬಾಗುವ ಜನ ಹೊಸದನ್ನು ಕಾಣಲಾರರು, ಮುರಿಯುವವರಷ್ಟೇ ಕಾಣಬಲ್ಲರು ಎಂಬ ಅಭಿಪ್ರಾಯ ಇಂದು ಬಹಳ ಚಲಾವಣೆಯಲ್ಲಿದೆ. ಕನ್ನಡನಾಡಿನ ಶಾಸನಗಳು ಇದನ್ನು ಸುಲಭವಾಗಿ ಒಪ್ಪಲಾರವು. ಬಿತ್ತುವಟ, ಕಟ್ಟುಕೊಡಗೆ, ದಶವಂದ ಎಂಬ ಪದಗಳು ಅವುಗಳಲ್ಲಿ ಮತ್ತೆ ಮತ್ತೆ ಬರುತ್ತವೆ. ಕೆರೆ ಕಟ್ಟಿಸಿದವನಿಗೆ, ಒಡೆದ ಏರಿಯನ್ನು ಕಟ್ಟಿ ನಿಲ್ಲಿಸಿದವನಿಗೆ ಆ ನೀರು ಉಣ್ಣುವ ಭೂಮಿಯಲ್ಲಿ ಒಂದು ಪಾಲು ಎಂಬುದು ಇವುಗಳ ಒಟ್ಟು ತಾತ್ಪರ್ಯ. ಇವೂ ನಿಯಮಗಳೇ. ಆದರೆ ಇವು ಏನನ್ನು ಮಾಡಬಾರದೆಂದು ಹೇಳುವುದಕ್ಕಿಂತ, ಮಾಡಿದವನಿಗೆ ಏನು ಸಲ್ಲಬೇಕೆಂದು ಹೇಳುತ್ತವೆ. ನಾಡಿನ ತುಂಬ ಕೆರೆಗಳು ಹರಡಿಕೊಂಡದ್ದರಲ್ಲಿ ಈ ನಿಯಮಗಳ ಪಾಲು ಸಣ್ಣದಲ್ಲ.

ತಲಕಾಡಿನ ಸಮೀಪ ಕಾವೇರಿಗೆ ಅಡ್ಡಲಾಗಿರುವ ಹಳೆಯ ಅಣೆಕಟ್ಟಿಗೆ ಮಾಧವಮಂತ್ರಿಯ ಹೆಸರಿದೆ. ಈತ 14ನೆಯ ಶತಮಾನದ ವಿಜಯನಗರದ ಅಧಿಕಾರಿ. ವಿದ್ಯಾರಣ್ಯರೊಡನೆ ಈತನನ್ನು ಒಂದು ಮಾಡುವ ತಪ್ಪು ಇನ್ನೂ ಪೂರ್ತಿ ಹೋಗಿಲ್ಲ. ಅಣೆಕಟ್ಟಿನಿಂದ ಹೊಳೆಯ ಪಾತ್ರ ಒಣಗಿ, ಬಯಲಾದ ಮರಳನ್ನು ಗಾಳಿ ಹೊತ್ತು ತಂದು ತಲಕಾಡನ್ನು ಮುಚ್ಚಿತೆಂದು ಸಂಶೋಧಕ ಕೆ.ಎನ್. ಗಣೇಶಯ್ಯ ವಾದಿಸಿದ್ದಾರೆ. ಅಲಮೇಲಮ್ಮನ ಶಾಪದ ಕಥೆಗಿಂತ ಇದು ಹೆಚ್ಚು ವಿಚಾರಯೋಗ್ಯ. ಕಟ್ಟುವವನನ್ನು ಮನ್ನಿಸುವ ನಿಯಮ ಕಟ್ಟಡದ ಪಕ್ಕದಲ್ಲಿರುವವನನ್ನು ನೆನೆಯದಿದ್ದರೆ ಆಗುವ ಕೇಡು ಯಾವ ಬಗೆಯದೆಂಬುದನ್ನು ಈ ವಾದ ಸೂಚಿಸುತ್ತದೆ.

ಪಕ್ಕದವನನ್ನು ನೆನೆಯುವ ನಿಯಮ 1892ರಲ್ಲಿ ಬಂತು, ಅದೂ ಬಲು ಬಿಗಿಯಾಗಿ. ಆ ವರ್ಷ ಫೆಬ್ರವರಿ 18ರಂದು ಮೈಸೂರಿಗೂ ಮದರಾಸಿಗೂ ಆದ ಕರಾರಿನಂತೆ, ಪಟ್ಟಿಯಲ್ಲಿರುವ ನದಿಗಳಿಗೆ ಮೈಸೂರು ಹೊಸ ಅಣೆಕಟ್ಟು, ಜಲಾಶಯಗಳನ್ನು ಕಟ್ಟಬೇಕಾದರೆ ಮದರಾಸಿನ ಒಪ್ಪಿಗೆಯನ್ನು ಮೊದಲೇ ಪಡೆಯಬೇಕಾಯಿತು. ತಂಜಾವೂರಿನ ಗದ್ದೆಗಳ ಹಕ್ಕು ಹಳೆಯದು, ಅವರ ಅಂಜಿಕೆ ಹುಸಿಯಲ್ಲ. ಆದರೆ ಅದೇ ಕರಾರಿನಲ್ಲಿ ಒಂದು ಕಂಡಿಯೂ ಇತ್ತು: ಈಗಾಗಲೇ ರೂಢಿಯಿಂದ ಪಡೆದು ಅನುಭವಿಸುತ್ತಿರುವ ಹಕ್ಕನ್ನು ಕಾಯುವುದಕ್ಕಲ್ಲದೆ ಬೇರೆ ಕಾರಣಕ್ಕೆ ಮದರಾಸು ಒಪ್ಪಿಗೆ ನಿರಾಕರಿಸುವಂತಿರಲಿಲ್ಲ. ವ್ಯಾಜ್ಯ ಬಂದರೆ ಪಂಚಾಯಿತಿಗೂ ದಾರಿಯಿತ್ತು.

1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಸುಮಾರು 92 ಮೈಲಿ ದೂರದ ಕೋಲಾರದ ಚಿನ್ನದ ಗಣಿಗಳಿಗೆ ಹರಿಯಿತು. ಗಣಿಗಳಿಗೆ ವರ್ಷವಿಡೀ ವಿದ್ಯುತ್ತು ಬೇಕು. ಬೇಸಗೆಯ ಕಾವೇರಿ ಅದಕ್ಕೆ ಸಾಲದು. ಹೀಗೆ ಒಂದು ಹೊಸತು ಇನ್ನೊಂದನ್ನು ಕೇಳಿತು. ಕನ್ನಂಬಾಡಿಯಲ್ಲಿ 41.5 ಟಿಎಂಸಿ ನೀರು ಹಿಡಿಯುವ ಜಲಾಶಯವನ್ನು ಎರಡು ಹಂತಗಳಲ್ಲಿ ಕಟ್ಟುವುದೆಂದು ಮೈಸೂರು ಯೋಜಿಸಿತು. 1909ರಲ್ಲಿ ಚೀಫ್ ಇಂಜಿನಿಯರಾಗಿ ಬಂದ ವಿಶ್ವೇಶ್ವರಯ್ಯನವರು ಇದರ ಬೆನ್ನೆಲುಬು. ಮದರಾಸು ಒಪ್ಪಲಿಲ್ಲ. ವಿಷಯ ಭಾರತ ಸರ್ಕಾರದ ಮುಂದೆ ಹೋಗಿ, 11 ಟಿಎಂಸಿಗಷ್ಟೇ ಅನುಮತಿ ದೊರೆಯಿತು.

ಮೈಸೂರಿನ ಮನೋಧರ್ಮ ವ್ಯಕ್ತವಾಗುವುದು ಇಲ್ಲಿಂದ ಮುಂದೆ. ಅದು ಅನುಮತಿಯನ್ನು ಧಿಕ್ಕರಿಸಲಿಲ್ಲ, ಅಷ್ಟಕ್ಕೆ ಸುಮ್ಮನಾಗಲೂ ಇಲ್ಲ. 1911ರಲ್ಲಿ ಕೆಲಸ ಆರಂಭವಾಯಿತು; ಅಸ್ತಿವಾರವನ್ನು ಮಾತ್ರ ಮೊದಲು ಬಯಸಿದ್ದ ಪೂರ್ಣ ಸಂಗ್ರಹಕ್ಕೆ ತಕ್ಕಂತೆ ಹಾಕಲಾಯಿತು. ಇದನ್ನು ಜಾಣತನವೆನ್ನಬೇಕೆ, ಕರಾರಿನ ಭಂಗವೆನ್ನಬೇಕೆ? ಮದರಾಸಿನವರು ಎರಡನೆಯದೆಂದೇ ಬಗೆದರು, ಆ ಕೋಪ ನಿರಾಧಾರವಲ್ಲ. ಆದರೂ ಮೈಸೂರು ತನ್ನ ಪಕ್ಷವನ್ನು ಅದೇ ಕರಾರಿನ ಪಂಚಾಯಿತಿಗೆ ಒಪ್ಪಿಸಿತೆಂಬುದನ್ನು ಮರೆಯಲಾಗದು. ನ್ಯಾಯಮೂರ್ತಿ ಗ್ರಿಫಿನ್ 1914ರಲ್ಲಿ ಕೊಟ್ಟ ತೀರ್ಪು ಮೈಸೂರಿಗೆ ಅನುಕೂಲವಾಗಿತ್ತು. ಮದರಾಸು ಮೇಲ್ಮನವಿ ಹೂಡಿತು. ಹತ್ತು ವರ್ಷಗಳ ಜಗ್ಗಾಟದ ಬಳಿಕ, 1924ರ ಅದೇ ಫೆಬ್ರವರಿ 18ರಂದು ಹೊಸ ಕರಾರಾಯಿತು. ಕನ್ನಂಬಾಡಿಗೆ 44.827 ಟಿಎಂಸಿ, ಮದರಾಸಿನ ಮೆಟ್ಟೂರಿಗೆ 93.5 ಟಿಎಂಸಿ.

ಅಗಲವಾಗಿ ಹಾಕಿದ್ದ ಅಸ್ತಿವಾರ ಆಗ ಉಪಯೋಗಕ್ಕೆ ಬಂತು. ಸುರಕಿ ಗಾರೆಯ ಗೋಡೆ ಮೇಲೇರಿತು. ಖಡಕವಾಸ್ಲಾದಲ್ಲಿ 1903ರಲ್ಲಿ ವಿಶ್ವೇಶ್ವರಯ್ಯನವರು ಅಳವಡಿಸಿದ್ದ ಸ್ವಯಂಚಾಲಿತ ತೂಬುಗಳು ಇಲ್ಲಿಯೂ ಬಂದವು. ಆ ಕರಾರಿನ ಜೊತೆಗೆ, ಜಲಾಶಯದಲ್ಲಿ ಎಷ್ಟು ನೀರನ್ನು ಯಾವಾಗ ತಡೆಯಬಹುದು, ಎಷ್ಟನ್ನು ಕೆಳಗೆ ಬಿಡಬೇಕು ಎಂಬ ನಿಯಮಗಳ ಅನುಬಂಧವೂ ಬಂತು. ಅಂದಿನಿಂದ ಮುಡುಕುತೊರೆಯ ತಿರುವಿಗೆ ಬರುವ ಕಾವೇರಿಯ ನೀರಿಗೆ ಮಳೆಯೊಂದೇ ಅಲ್ಲ, ಲೆಕ್ಕದ ಪುಸ್ತಕವೂ ಒಡೆಯ.